ಸರಪಳಿಯ ಮುಂದಿನ ತುದಿಯಲ್ಲಿ ಹೊಳಿಯವ್ವ

ಮಣ್ಣು ಮುಗಿದು, ನೆಂಟರೆಲ್ಲ ಊರಿಗೆ ಹೋಗಿ, ಮನೆ ಮನೆಯ ಹಾಗೆ ಇದ್ದ ಮೊದಲ ಬೆಳಗು. ಹಾಲಿನವನ ಸೈಕಲ್ ಗಂಟೆಗೆ ಎದ್ದು ಬಾಗಿಲು ತೆರೆದರೆ, ರಾಣೆಬೆನ್ನೂರಿನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಮುಂದೆ ಜಮೀನು ಅಳೆಯುವ ಕಬ್ಬಿಣದ ಸರಪಳಿ ಬಿಚ್ಚಿಕೊಂಡು ಬಿದ್ದಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒಂದೊಂದೇ ಕೊಂಡಿ ಒರೆಸುತ್ತಿದ್ದಾರೆ. ಬಾಗಿದ ಕೊಂಡಿ ಕಂಡರೆ ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಮೆಲ್ಲಗೆ ಬಡಿಯುತ್ತಾರೆ. ನನ್ನನ್ನು ನೋಡಿಯೂ ಕೈ ನಿಲ್ಲಿಸುವುದಿಲ್ಲ.

“ಸಾಹೇಬ್ರು ಮಳ್ಯಾಗ ತಂದ ಇಟ್ಟಿದ್ರರಿ ಬಾಯಾರ. ಜಂಗ ಹತ್ತಾಕತ್ತಿತ್ತು. ಇವತ್ತ ಹೊಸ ಸಾಹೇಬ್ರು ಬರ್ತಾರ, ಅದಕ್ಕ ಒಯ್ಯಾಕ ಬಂದೇನಿ.”

ಸಾಹೇಬ್ರು ಎಂದರೆ ಶಶಿಕಾಂತ. ಸರ್ವೇಯರ್ ಆಗಿದ್ದರು, ನನ್ನ ಗಂಡ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡರು. ಈ ಬರಹ ಅವರ ಬಗ್ಗೆ ಅಲ್ಲ. ಅವರು ಮನೆಗೆ ಬಂದು ದಿನವೂ ಯಾರ ಮಾತು ಹೇಳುತ್ತಿದ್ದರೋ, ಅಂಗಳದಲ್ಲಿ ಕುಳಿತಿದ್ದ ಈ ಹೊಳಿಯವ್ವನ ಬಗ್ಗೆ.

ಹೊಳಿಯವ್ವ ಸಮಾಧಾನದ ಮಾತು ಆಡಲಿಲ್ಲ. ಚಹಾ ಕೊಟ್ಟೆ, ಕುಡಿದರು. ಸರಪಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡರು, ಕೆಂಪು ಬಿಳಿ ಬಳಿದ ಕೋಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡರು. ಚೀಲದಿಂದ ಒಂದು ಹಿತ್ತಾಳೆಯ ಗುಂಡು ತೆಗೆದು ನನ್ನ ಕೈಗೆ ಕೊಟ್ಟರು. ಗೌಂಡಿಗಳು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಒಳಂಬಿ ಅದು.

“ಇದು ಇಲಾಖೇದ ಅಲ್ರಿ. ಸಾಹೇಬ್ರು ಸೀಮಿಕಟ್ಟಿ ಊರಿನ ಕುಲ್ಸುಮಬಿ ಕಡಿಂದ ಕಡಾ ತಂದಿದ್ರು. ಅಲ್ಲಿ ಗಡಿ ಗೆರಿ ಮುಗಿದ ಮ್ಯಾಲ ಕೊಡಬೇಕು. ಅಲ್ಲೀತನಾ ನಿಮ್ಮ ಕಡೆ ಇರ್ಲಿ.”

ಹಾಗೆ ಹೇಳಿ ಕುಪ್ಪೇಲೂರು ಬಸ್ಸಿಗೆ ಹೊರಟರು.

ಹೊಳಿಯವ್ವನ ಹುದ್ದೆಯ ಹೆಸರು ಬಾಂದು ಜವಾನ. ಬಾಂದು ಎಂದರೆ ಗಡಿಗೆ ನೆಟ್ಟ ಕಲ್ಲು. ಸರ್ವೇಯರ್ ಹಿಂದಿನ ತುದಿಯಲ್ಲಿ ನಿಂತು ಲೆಕ್ಕ ಬರೆಯುತ್ತಾರೆ. ಬಾಂದು ಜವಾನ ಸರಪಳಿಯ ಮುಂದಿನ ತುದಿ ಹಿಡಿದು ಜಾಲಿಯೊಳಗೆ, ಹಳ್ಳದೊಳಗೆ, ಮೆಣಸಿನ ಸಾಲುಗಳ ನಡುವೆ ನಡೆಯಬೇಕು. ಕಲ್ಲು ಹುಡುಕಬೇಕು, ಅಗೆಯಬೇಕು, ನೆಡಬೇಕು. ರಾಣೆಬೆನ್ನೂರು, ಬ್ಯಾಡಗಿ ಎರಡೂ ತಾಲೂಕಿನ ಹೊಲಗಳಲ್ಲಿ ಅವರು ಎಷ್ಟೋ ವರ್ಷಗಳಿಂದ ನಡೆದಿದ್ದಾರೆ. ಮಳೆ ಬಿಟ್ಟ ದಿನಗಳಲ್ಲಿ ನಿತ್ಯ ಏಳೆಂಟು ಮೈಲಿಯಾದರೂ ಆಗುತ್ತದೆ. ಅಳೆದ ದಾರಿಯನ್ನೇ ಮತ್ತೆ ಅಳೆಯಬೇಕಾದ ದಿನ ಅದಕ್ಕಿಂತ ಹೆಚ್ಚು. ಕಾಲಿಗೆ ಟೈರಿನ ಚಪ್ಪಲಿ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಚ್ಚೆ ಹಾಕುತ್ತಾರೆ.

ಈ ಕೆಲಸ ಮೊದಲು ಅವರ ಗಂಡ ಹನುಮಪ್ಪನದು. ಕಾಮಾಲೆಯಲ್ಲಿ ಹನುಮಪ್ಪ ತೀರಿಕೊಂಡಾಗ ಮಗಳು ದುರ್ಗಾ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಅನುಕಂಪದ ಮೇಲೆ ನೌಕರಿ ಸಿಕ್ಕಿತು. ಹೆಣ್ಣುಮಗಳು ಎಂದು ಕಚೇರಿಯಲ್ಲಿ ನೀರು ತುಂಬುವುದಕ್ಕೆ, ಚಹಾ ತರುವುದಕ್ಕೆ ಹಾಕಿದರು.

“ಒಂದ ವರ್ಷ ಚಾ ತಂದೆರಿ. ಆಮ್ಯಾಲ ದೊಡ್ಡ ಸಾಹೇಬ್ರ ಮುಂದ ಹೋಗಿ ನಿಂತೆ. ನನ್ನ ಗಂಡನ ಕೆಲಸಾ ಕೊಟ್ಟೀರಿ ಅಂತ ಕಾಗದದಾಗ ಬರದೀರಿ, ನನ್ನ ಗಂಡ ಹಿಡದಿದ್ದು ಸರಪಳಿ, ಚಾದ ಕಿಟ್ಲಿ ಅಲ್ಲ ಅಂದೆ. ಅವರು ನಕ್ಕರು. ನಾ ನಗಲಿಲ್ಲ.”

ಈಗ ದುರ್ಗಾ ರಾಣೆಬೆನ್ನೂರಿನಲ್ಲಿ ಕಾಲೇಜು ಓದುತ್ತಾಳೆ. ತಾಯಿಯ ಸರಪಳಿಯನ್ನು ಹಗುರ ಎಂದುಕೊಂಡು ಒಮ್ಮೆ ಎತ್ತಿ, ಕೆಳಗಿಟ್ಟು, ಮತ್ತೆ ಮುಟ್ಟಿಲ್ಲವಂತೆ.

ಧಾರವಾಡದಿಂದ ಒಡೆದು ಹಾವೇರಿ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾದವು. ಹಳೆಯ ನಕ್ಷೆಗಳು ಗಂಟು ಗಂಟಾಗಿ ಹಾವೇರಿಗೆ ಬಂದವು. ತಾಲೂಕು, ಪಂಚಾಯ್ತಿಗಳ ಗೆರೆಗಳನ್ನು ಮತ್ತೆ ನೋಡಿ ಸರಿಪಡಿಸಬೇಕು ಎಂದಾಯಿತು. ಕಾಗದದ ಮೇಲಿನ ಗೆರೆ ಹಾವೇರಿಯಲ್ಲಿ ಎಳೆಯುತ್ತಾರೆ. ಆದರೆ ಮೊದಲು ಅದನ್ನು ಯಾರಾದರೂ ನೆಲದ ಮೇಲೆ ನಡೆದು ನೋಡಬೇಕು. ರಾಣೆಬೆನ್ನೂರು ತಾಲೂಕಿನ ಮುದ್ದಿಕೊಪ್ಪ ಮತ್ತು ಬ್ಯಾಡಗಿ ತಾಲೂಕಿನ ಬಸರಿಹಳ್ಳಿಯ ನಡುವೆ ಹಾಗೆ ನಡೆಯಲು ಹೋದಾಗ ಸಿಕ್ಕಿದ್ದು ಸೀಮಿಕಟ್ಟಿ.

ಸೀಮಿಕಟ್ಟಿ ನಾಲ್ಕು ಸಾಲು ಮನೆಗಳ ಊರು. ಬಹಳ ಹಿಂದೆ ಕೆರೆ ಒಡೆದು ಮನೆ ಕಳೆದುಕೊಂಡವರು ಎರಡೂ ಊರುಗಳ ನಡುವಿನ ದಿಬ್ಬ ಹತ್ತಿ ಗುಡಿಸಲು ಹಾಕಿದರು. ಕೂಲಿಯವರು, ಗೌಂಡಿಗಳು, ಕುರಿ ಸಾಕುವವರು. ಈಗ ಹೆಂಚಿನ ಮನೆಗಳಿವೆ. ಇಲ್ಲದಿರುವುದು ಊರಿಗೆ ಒಂದು ಪಂಚಾಯ್ತಿ. ಮುದ್ದಿಕೊಪ್ಪದವರು ಊರಿನ ಮೂಡಣಕ್ಕೆ, ತಮ್ಮ ಊರಿನ ಕಡೆ, ಸುಣ್ಣ ಬಳಿದ ಒಂದು ಕಲ್ಲು ತೋರಿಸಿ, ನಮ್ಮ ಗಡಿ ಇಲ್ಲಿಗೇ ಮುಗಿಯಿತು, ಆ ಮನೆಗಳು ಬಸರಿಹಳ್ಳಿಯವು ಎನ್ನುತ್ತಾರೆ. ಬಸರಿಹಳ್ಳಿಯವರು ಪಡುವಣಕ್ಕೆ ಇನ್ನೊಂದು ಕಲ್ಲು ತೋರಿಸಿ, ಅವು ಮುದ್ದಿಕೊಪ್ಪದವು ಎನ್ನುತ್ತಾರೆ. ಸಾಮಾನ್ಯವಾಗಿ ಗಡಿ ಜಗಳವೆಂದರೆ ಎರಡೂ ಕಡೆಯವರು ನನ್ನದು ನನ್ನದು ಎಂದು ಎಳೆದಾಡುವುದು. ಇಲ್ಲಿ ಇಬ್ಬರೂ ನೂಕುತ್ತಾರೆ. ಕೊಳವೆಬಾವಿ ಎರಡು ಸಲ ಮಂಜೂರಾಗಿ, ಯಾವ ಪಂಚಾಯ್ತಿಯೂ ಸಹಿ ಹಾಕದೆ ಎರಡು ಸಲವೂ ವಾಪಸ್ಸು ಹೋಗಿದೆ. ಹೆಂಗಸರು ಹಳ್ಳಕ್ಕೆ ಇಳಿದು ಕುಡಿಯುವ ನೀರು ತರುತ್ತಾರೆ. ಈ ಬಾರಿಯ ನಕ್ಷೆಯಲ್ಲಿ ಬರದೆ ಹೋದರೆ ಮತ್ತೆ ಯಾವಾಗ ಎಂದು ಹೇಳುವವರಿಲ್ಲ. ಈ ಬಾರಿಯ ನಕ್ಷೆ ಸುಗ್ಗಿಯೊಳಗೆ ಹಾವೇರಿ ತಲುಪಬೇಕು.

ಹಳೆಯ ಕಾಲದಿಂದಲೂ ಜಮೀನು ಅಳೆಯುವ ಮೋಜಣಿಯವರು ಗಡಿಕಲ್ಲು ನೆಡುವಾಗ ಕುಣಿಯ ತಳಕ್ಕೆ ಇದ್ದಿಲು, ಒಡೆದ ಗಡಿಗೆಯ ಚೂರು ಹಾಕುತ್ತಾರೆ. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಕಲ್ಲನ್ನು ಕಿತ್ತು ಬೇರೆಡೆ ನೆಟ್ಟವರು ಇದ್ದಿಲನ್ನು ಹೊತ್ತೊಯ್ಯುವುದಿಲ್ಲ. ಶಶಿಕಾಂತ ಮತ್ತು ಹೊಳಿಯವ್ವ ಎರಡೂ ಕಲ್ಲುಗಳ ಬುಡ ಅಗೆದರು. ಎರಡರ ಕೆಳಗೂ ಬರೀ ಕೆಂಪು ಮಣ್ಣು. ಎರಡೂ ಕಲ್ಲುಗಳು ಯಾರೋ ತಂದು ನಿಲ್ಲಿಸಿದವು. ನಿಜವಾದ ಜಾಗ ಎರಡರ ನಡುವೆ ಎಲ್ಲೋ ಇತ್ತು. ಇಲಾಖೆಯ ತೂಗುಗುಂಡು ಹಾಳುಬಾವಿಗೆ ಬಿದ್ದದ್ದು, ಕುಲ್ಸುಮಬಿಯ ಒಳಂಬಿ ಕಡ ತಂದದ್ದು ಆ ದಿನಗಳಲ್ಲೇ. ಅಷ್ಟರಲ್ಲಿ ಮೋಟೆಬೆನ್ನೂರಿನದು ಆಯಿತು.

ಎರಡು ವಾರದ ಮೇಲೆ, ಶಶಿಕಾಂತ ಅರ್ಧಕ್ಕೆ ಬಿಟ್ಟ ಗೆರೆಯನ್ನು ನೋಡಬೇಕೆನಿಸಿ, ಒಳಂಬಿಯನ್ನು ಚೀಲದಲ್ಲಿಟ್ಟುಕೊಂಡು ನಾನೂ ಕುಪ್ಪೇಲೂರು ಬಸ್ ಹತ್ತಿದೆ. ಅಲ್ಲಿ ಇಳಿದು ಸೀಮಿಕಟ್ಟಿಗೆ ನಡೆಯಬೇಕು. ಮಂಜು ಇನ್ನೂ ಹೊಲದ ಮೇಲಿದೆ. ಹೊಸ ಸರ್ವೇಯರ್ ಕೊಟ್ರೇಶ ಹಾವೇರಿಯಿಂದ ಬಂದವರು, ಮಾತು ಕಡಿಮೆ, ಕೆಲಸದಲ್ಲಿ ಅವಸರವಿಲ್ಲ. ಸರಪಳಿ ಬಿಗಿ ಮಾಡಬೇಕಾದಾಗ ಅವರು ಕೈ ಎತ್ತುತ್ತಾರೆ. ಶಶಿಕಾಂತ “ಬಿಗೀ” ಎಂದು ಕೂಗುತ್ತಿದ್ದರಂತೆ; ಹೊಳಿಯವ್ವ ಎಳೆದು ನಿಲ್ಲಿಸಿ “ಸೈ” ಎನ್ನುತ್ತಿದ್ದರಂತೆ. ಇವತ್ತು ಯಾರೂ ಕೂಗಲಿಲ್ಲ. ಆದರೂ ದೂರದ ಜಾಲಿಯ ಮರೆಯಿಂದ “ಸೈ” ಎಂದು ಕೇಳಿಸಿತು. ಕೊಟ್ರೇಶ ತಲೆ ಎತ್ತಿ ನೋಡಿದರು. ಮುಂದಿನ ಸರಪಳಿಗೆ ಕೈ ಎತ್ತಲಿಲ್ಲ. ಕೂಗಿದರು, “ಬಿಗೀ!”

ಮಧ್ಯಾಹ್ನ ಬುತ್ತಿ ಬಿಚ್ಚುವುದು ಕುಲ್ಸುಮಬಿಯ ಹಿತ್ತಲಿನಲ್ಲಿ. ಕುಲ್ಸುಮಬಿ ಗೌಂಡಿಯ ಹೆಂಡತಿ. ಗಂಡ ಈಗಿಲ್ಲ, ಮಗ ಗೌಂಡಿ. ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಾಕಿಕೊಟ್ಟು ಅವರು ಕೋಳಿಗಳನ್ನು ಬಯ್ಯುತ್ತಿದ್ದಾರೆ.

“ತತ್ತಿ ಇಡೂದ ಬಿಟ್ಟಾವ ನೋಡ ಹೊಳಿಯವ್ವ. ವರ್ಷಾ ಆಷಾಢದಾಗ ಹಿಂಗ ಬೆದರಿ ಕುಂದರ್ತಾವ, ಆಮ್ಯಾಲ ಚಳಿಗಾಲತನಾ ನಖರಾ. ಎರಡೂ ಊರವರು ನಮ್ಮನ್ನ ಒಲ್ಲೆ ಅಂತಾರ. ತಮ್ಮ ಮಾರೆವ್ವನ ಇಳಸಾಕ ಮಾತ್ರ ನನ್ನ ಹಿತ್ತಲಾ ಬೇಕು. ಅವರು ಡೊಳ್ಳ ಬಡಕೋತ ತಂದ ಇಡೂದು, ಇವರು ಡೊಳ್ಳ ಬಡಕೋತ ಎತಗೊಂಡ ಹೋಗೂದು.”

“ನಿನ್ನ ಕೋಳ್ಯಾಗ ಮಾರೆವ್ವ ಹೊಕ್ಕಾಳ ಬಿಡ.”

“ಹೊಕ್ಕರ ತತ್ತೀರ ಇಡ್ತಾಳೇನ ಕೇಳ.”

ಹೊಳಿಯವ್ವ ನಕ್ಕರು. ನಗುತ್ತಲೇ ಕೈಯಲ್ಲಿನ ರೊಟ್ಟಿ ಕೆಳಗಿಟ್ಟರು.

“ಖರೇ ಹೇಳ. ಯಾವ ಜಾಗಾದಾಗ ಇಡ್ತಾರ?”

“ಅಲ್ಲೇ, ಬನ್ನಿ ಗಿಡದ ಬುಡಕ್ಕ. ಒಂದ ಮಾರ ಆಚಿ ಇಲ್ಲ, ಈಚಿ ಇಲ್ಲ.”

ಈ ಕಡೆಯ ಹಳ್ಳಿಗಳಲ್ಲಿ ರೋಗರುಜಿನ ಊರು ಬಿಡಲಿ ಎಂದು ಆಷಾಢದಲ್ಲಿ ಮಾರೆವ್ವನನ್ನು ಸಣ್ಣ ಕಟ್ಟಿಗೆಯ ಬಂಡಿಯಲ್ಲಿ ಕೂರಿಸಿ, ಬೇವು, ಹಳೆಯ ಮೊರ, ಬಳೆಗಳ ಸಮೇತ ಊರ ಗಡಿ ದಾಟಿಸುತ್ತಾರೆ. ತನ್ನ ಗಡಿಯೊಳಗೇ ಬಿಟ್ಟರೆ ರೋಗ ಮರಳಿ ಬರುತ್ತದೆ. ಮುಂದಿನ ಊರಿನವರು ತಮ್ಮ ಗಡಿಯೊಳಗೆ ಬಂದ ಬಂಡಿಯನ್ನು ತಡಮಾಡದೆ ಎತ್ತಿ ಮುಂದೆ ಸಾಗಿಸಬೇಕು. ಪರರ ಗಡಿಯಲ್ಲಿದ್ದುದನ್ನು ಮುಟ್ಟುವಂತಿಲ್ಲ. ಮುದ್ದಿಕೊಪ್ಪದವರು ಇಳಿಸುವ ಜಾಗದಿಂದಲೇ ಬಸರಿಹಳ್ಳಿಯವರು ಎತ್ತುತ್ತಾರೆ ಎಂದಾದರೆ, ಎರಡು ಊರಿನವರು ಒಪ್ಪಿದ ಒಂದು ಗಡಿ ಇದ್ದೇ ಇದೆ. ಕಚೇರಿಯವರ ಮುಂದೆ ಒಪ್ಪಿಲ್ಲ, ಅಷ್ಟೆ.

ಹೊಳಿಯವ್ವ ಹೇಳಿದ್ದನ್ನು ಕೊಟ್ರೇಶ ಪೂರ್ತಿ ಕೇಳಿಸಿಕೊಂಡರು. “ಬರೇ ಒಬ್ಬರ ಮಾತ ಸಾಲೂದಿಲ್ಲ. ನಡೀರಿ, ಬಸರಿಹಳ್ಳಿಗೆ ಹೋಗೋಣ. ನೀವ ಕೇಳ್ರಿ. ನಾ ಕೇಳಿದ್ರ ಸರಕಾರ ಕೇಳಿದಂಗಾಗ್ತದ” ಎಂದರು.

ಬಸರಿಹಳ್ಳಿಯ ಕಟ್ಟೆಯ ಮೇಲೆ ಅಂಜಿನಪ್ಪ ಕುಳಿತಿದ್ದಾರೆ. ಊರ ಹಿರಿಯರು. ಪಡುವಣದ ಕಲ್ಲನ್ನು ತೋರಿಸಿದವರು ಇವರೇ. ಹೊಳಿಯವ್ವ ಸರಪಳಿ ಇಳಿಸಿ ಕಟ್ಟೆಯ ಕೆಳಗೆ ಕುಳಿತರು.

“ಕಾಕಾ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಮುದ್ದಿಕೊಪ್ಪದವರು ಬನ್ನಿ ಗಿಡದ ಬುಡಕ್ಕ ಮಾರೆವ್ವನ ಇಳಸ್ತಾರ. ಅದು ಅವರ ಸೀಮಿನೋ, ನಿಮ್ಮದೋ? ತಮ್ಮ ಸೀಮ್ಯಾಗ ಇಳಿಸಿ ನಿಮ್ಮ ಕಡಿಂದ ಎತ್ತಸಾಕತ್ತಿದ್ರ ಮೋಸ ಆತಲ್ಲ?”

ಅಂಜಿನಪ್ಪ ಮೈಯೆಲ್ಲ ಸೆಟೆದು ಕುಳಿತರು. “ನಮ್ಮ ಕಡಿಂದ ಯಾಂವ ಹಂಗ ಎತ್ತಸ್ತಾನ? ಪರಸೀಮಿ ಮಾರೆವ್ವನ ಮುಟ್ಟಾಕ ನಮಗೇನ ಹುಚ್ಚ ಹಿಡದೈತೇನ? ಬನ್ನಿ ಗಿಡದಿಂದ ಈ ಕಡಿಗೆ ಎಲ್ಲಾ ನಮ್ಮದು. ಅಲ್ಲಿಗೆ ಬಂದಳಂದ್ರ ನಾವ ಎತ್ತಬೇಕು. ನಮ್ಮ ಮುತ್ಯಾನ ಕಾಲದಿಂದ ಒಂದ ವರ್ಷ ತಪ್ಪಿಲ್ಲ!”

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಬನ್ನಿ ಗಿಡ ಇರುವುದು ಸೀಮಿಕಟ್ಟಿಯ ಮೂಡಣ ಅಂಚಿನಲ್ಲಿ. ಅದರಿಂದ ಈ ಕಡೆ ಎಂದರೆ ಸೀಮಿಕಟ್ಟಿ ಊರಿಗೆ ಊರೇ ಬಸರಿಹಳ್ಳಿಗೆ ಸೇರಿತು. ಅಂಜಿನಪ್ಪ ಬೀಡಿ ತೆಗೆದರು, ಹಚ್ಚಲಿಲ್ಲ.

“ನೀ ಭಾಳ ಶಾಣ್ಯಾಕಿ ಅದೀ ಬಿಡು.”

“ನಾ ಎಲ್ಲಿ ಕೇಳೇನ್ರಿ ಕಾಕಾ. ಮಾರೆವ್ವ ಕೇಳಿದ್ಲು.”

ಅಲ್ಲಗಳೆಯಬಹುದಿತ್ತು. ಕಲ್ಲಿನ ವಿಷಯವಾಗಿದ್ದರೆ ಅಲ್ಲಗಳೆಯುತ್ತಿದ್ದರೋ ಏನೋ. ಮಾರೆವ್ವನ ವಿಷಯದಲ್ಲಿ ಆಡಿದ ಮಾತನ್ನು ಅಂಜಿನಪ್ಪ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಗ್ಗೆ ನಾವು ಹೋಗುವಷ್ಟರಲ್ಲಿ ಬನ್ನಿ ಗಿಡದ ಹತ್ತಿರ ಗುದ್ದಲಿ ಹಿಡಿದು ನಿಂತಿದ್ದರು. ಮುದ್ದಿಕೊಪ್ಪದವರೂ ಬಂದಿದ್ದರು. ಅವರಿಗೆ ಇದರಿಂದ ನಷ್ಟವಿರಲಿಲ್ಲ. ಆದರೆ ಅವರು ತೋರಿಸಿದ್ದ ಕಲ್ಲು ಗಿಡದಿಂದ ಬಹಳ ದೂರ, ಅವರದೇ ಗೋಮಾಳದೊಳಗೆ ಇತ್ತು.

“ನಮ್ಮನ್ನ ದೂರ ಇಡಾಕ ತಮ್ಮ ಭೂಮಿನೂ ಬಿಟ್ಟ ಕೊಟ್ಟಿದ್ರು ನೋಡ್ರಿ, ಏನ ದೊಡ್ಡ ಮನಸ!” ಎಂದು ಕುಲ್ಸುಮಬಿ ಎಲ್ಲರಿಗೂ ಕೇಳುವಂತೆ ಹೇಳಿದರು. ಮುದ್ದಿಕೊಪ್ಪದವರೂ ನಕ್ಕರು.

ಮೊದಲ ಕುಣಿಯಲ್ಲಿ ಬಂದದ್ದು ಬಳೆಚೂರು, ಮೊರದ ಬಿದಿರು, ಕೊಳೆತ ಕಟ್ಟಿಗೆ. ವರ್ಷ ವರ್ಷದ ಆಷಾಢ ಅಲ್ಲಿ ಒಂದರ ಮೇಲೊಂದು ಕೂತಿತ್ತು. ಹೊಳಿಯವ್ವ ಬೇರಿನ ಇನ್ನೊಂದು ಮಗ್ಗುಲಿಗೆ ಸರಿದು ಅಗೆಯತೊಡಗಿದರು. ಗಂಡಸರು ಗುದ್ದಲಿ ಕೇಳಿದರೆ ಕೊಡಲಿಲ್ಲ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಗುದ್ದಲಿ ಬಿಟ್ಟು ಕೈ ಹಾಕಿದರು. ಮುಷ್ಟಿ ಹೊರಗೆ ತೆಗೆದು ಬಿಚ್ಚಿದಾಗ ಅಂಗೈ ಕರ್ರಗಿತ್ತು.

ಕೊಟ್ರೇಶ ಕುಣಿಗೆ ಇಳಿದು ನೋಡಿದರು. ಇದ್ದಿಲು, ಗಡಿಗೆಯ ಚೂರು. ನನ್ನಲ್ಲಿದ್ದ ಒಳಂಬಿ ಕೇಳಿ ಪಡೆದು, ನಕ್ಷೆ ಎಳೆಯುವ ಮೂರುಕಾಲಿನ ಹಲಗೆಯ ಕೆಳಗೆ ಇಳಿಬಿಟ್ಟು, ಗುಂಡು ಇದ್ದಿಲಿನ ಮೇಲೆ ನಿಲ್ಲುವವರೆಗೆ ಕಾದರು. ಅಲ್ಲಿಂದ ಎರಡು ಊರಿನ ಗುಡಿಗಳ ಕಡೆಗೆ ನೋಡಿ ಅಳತೆ ತೆಗೆದರು. ಧಾರವಾಡದಿಂದ ಬಂದ ಹಳೆಯ ನಕ್ಷೆಗೆ ಹಿಡಿದು ನೋಡಿದರು. “ಕೂಡ್ತದ” ಎಂದರು. ಅಷ್ಟೇ ಅಂದದ್ದು.

ಹೊಸ ಕಲ್ಲು ನೆಟ್ಟದ್ದು ಮುಂದಿನ ವಾರ. ಎರಡೂ ಊರು ನೆರೆದಿತ್ತು. ಹೊಳಿಯವ್ವ ಬುಟ್ಟಿಯಲ್ಲಿ ಹೊಸ ಇದ್ದಿಲು ತಂದಿದ್ದರು. ಕುಣಿಯ ಬಳಿ ಕುಳಿತಾಗ ಗುಂಪಿನಿಂದ ಒಬ್ಬ ಮುದುಕನ ದನಿ ಬಂತು: “ಗಂಡ ಸತ್ತಾಕಿ ಕೈಲೆ ಬಾಂದಾ ಹಾಕಸ್ತೀರೇನ್ರಿ ಸಾಹೇಬ್ರ? ಊರಿಗೆ ಒಳ್ಳೇದಾಗ್ತದೇನ?”

ಹೊಳಿಯವ್ವ ತಿರುಗಿ ನೋಡಲಿಲ್ಲ. “ಕಲ್ಲಿಗೇನ ಗಂಡ ಇದ್ದಾನೇನ್ರಿ ಯಜಮಾನ್ರ? ನೆಟ್ಟಗ ನಿಂದ್ರೂದಿಲ್ಲೇನ ಅದು?”

ಹೆಂಗಸರ ಕಡೆಯಿಂದ ದೊಡ್ಡ ನಗು ಎದ್ದಿತು. ನಗು ನಿಂತ ಮೇಲೆ ಹೊಳಿಯವ್ವ ಬುಟ್ಟಿಯನ್ನು ನನ್ನ ಕಡೆ ಸರಿಸಿದರು. “ಬಾಯಾರ, ನೀವೂ ಒಂದ ಹಿಡಿ ಹಾಕ್ರಿ. ಸಾಹೇಬ್ರ ಪಾಲಿಂದು.”

ಹಾಕಿದೆ.

ನಕ್ಷೆ ಸುಗ್ಗಿಗೆ ಮೊದಲೇ ಹಾವೇರಿಗೆ ಹೋಯಿತು. ಅದರ ಮೇಲೆ ಕೊಟ್ರೇಶರ ಸಹಿ ಇದೆ. ಮೊದಲ ಅಳತೆಗಳ ಕೆಳಗೆ ಶಶಿಕಾಂತರ ಸಹಿಯೂ ಇದೆ. ಬಾಂದು ಜವಾನರ ಹೆಸರಿಗೆ ನಕ್ಷೆಯಲ್ಲಿ ಜಾಗವಿಲ್ಲ. ಬೇಸರವಿಲ್ಲವೇ ಎಂದು ಕೇಳಿದೆ.

“ಹೆಸರ ಬರದ್ರ ಯಾರ ಓದ್ತಾರ್ರಿ? ನನಗೊಂದ ಆಸೆ ಐತಿ, ಅಂದ್ರ ಆಸೆ ಅಂತಲ್ಲ. ಆ ನಕಾಶಿ ಅಚ್ಚಾಗಿ ಬರ್ತದಂತ. ಬಂದಾಗ ದುರ್ಗಾನ ಕಡಿಂದ ಒಮ್ಮೆ ಓದಸಬೇಕು, ಸೀಮಿಕಟ್ಟಿ ಎಲ್ಲೈತಿ ಅಂತ. ಆಕಿಗೆ ಬೆರಳ ಇಟ್ಟ ತೋರಸ್ಲಿಕ್ಕೆ ಬಂದ್ರ ಸಾಕು.”

ಅಂಗೀಕಾರದ ಆದೇಶ ಬಂದ ಬೆಳಗ್ಗೆ ನಾವಿಬ್ಬರೂ ಮತ್ತೆ ಕುಪ್ಪೇಲೂರು ಬಸ್ಸಿಳಿದು ನಡೆದೆವು. ಬಸರಿಹಳ್ಳಿ ಪಂಚಾಯ್ತಿಯವರು ಕೊಳವೆಬಾವಿಯ ಜಾಗಕ್ಕೆ ಸುಣ್ಣದ ಗುರುತು ಹಾಕಿ ಹೋಗಿದ್ದರು. ಕುಲ್ಸುಮಬಿ ಬಾಗಿಲಲ್ಲೇ ಇದ್ದರು. ಒಳಂಬಿ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

“ನಿಮ್ಮ ಸಾಹೇಬ್ರು ಒಯ್ಯುವಾಗ ಒಂದ ಮಾತ ಅಂದಿದ್ರು. ನಿಮ್ಮ ಊರು ಯಾವ ತಾಲೂಕು ಅಂತ ಹೇಳೇ ವಾಪಸ್ ಕೊಡ್ತೇನಿ ಅಂದಿದ್ರು. ಹೇಳದ ಹೆಂಗ ತಗೊಳ್ಳಿ?”

ಹೇಳಿದೆ. “ಸೀಮಿಕಟ್ಟಿ. ಪಂಚಾಯ್ತಿ ಬಸರಿಹಳ್ಳಿ, ತಾಲೂಕು ಬ್ಯಾಡಗಿ.”

“ಜಿಲ್ಲಾ ಧಾರವಾಡ” ಎಂದು ಅವರೇ ಮುಗಿಸಿದರು.

“ಹಾವೇರಿ ಬೇ, ಹಾವೇರಿ!” ಎಂದು ಹೊಳಿಯವ್ವ ನಕ್ಕರು. “ಜಿಲ್ಲಾ ಆಗಿ ಎಷ್ಟ ವರ್ಷಾತು.”

“ನಮಗ ಯಾರ ಹೇಳಿದ್ರವ್ವ? ಹಾವೇರಿ. ಆತು, ಹಾವೇರಿ.” ಕುಲ್ಸುಮಬಿ ದನಿ ತಗ್ಗಿಸಿದರು. “ನಾಳೆ ಯಾರರ ಕಲ್ಲ ಕಿತ್ತ ಬ್ಯಾರೆ ಕಡೆ ನೆಟ್ಟರ?”

ಹೊಳಿಯವ್ವ ಹೆಗಲ ಮೇಲಿನ ಸರಪಳಿ ಸರಿಪಡಿಸಿಕೊಂಡರು.

“ಕೀಳ್ಲಿ. ಕೆಳಗ ಇದ್ದಲಿ ಐತಿ. ನಾ ಹಾಕೇನಿ.”

ಕುಲ್ಸುಮಬಿ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದರು. ಒಳಂಬಿಯನ್ನು ಅದರಲ್ಲಿ ಇಟ್ಟೆ.